ದಿನದ ಕೆಲಸವನ್ನು ನೆನಪಿಸುವ ಕಮಾಂಡ್

ಕೋಡ್ ಬರೆಯುವವರನ್ನು ‘ನಿನ್ನೆ ಏನು ಮಾಡಿದ್ರಿ?’ ಅಂತ ಕೇಳಿ ನೋಡಿ. ದಿನವಿಡೀ ತಲೆ ಎತ್ತದೆ ದುಡಿದವರೂ ಒಂದು ಕ್ಷಣ ತಡವರಿಸುತ್ತಾರೆ. ಕೊನೆಗೆ ಮಾಡಿದ ಕೆಲಸ ಮಾತ್ರ ಬಾಯಿಗೆ ಬರುತ್ತದೆ. ಬೆಳಗ್ಗೆ ಬಗೆಹರಿಸಿದ ಬಗ್, ಮಧ್ಯಾಹ್ನ ಓದಿದ ಇನ್ನೊಬ್ಬರ ಕೋಡ್, ನಡುವೆ ಕಾಡಿದ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ) ಸಮಸ್ಯೆ, ಇವೆಲ್ಲ ಎಲ್ಲೋ ಕರಗಿ ಹೋಗಿರುತ್ತವೆ. ಒಂದೇ ದಿನದಲ್ಲಿ ನಾಲ್ಕಾರು ಕಡೆ ಮನಸ್ಸು ಇಟ್ಟವರಿಗೆ ಹೀಗಾಗುವುದು ಸಹಜ.

ಕೆಲಸವನ್ನು ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಮಾಡುವ ‘ಸ್ಕ್ರಮ್’ ಪದ್ಧತಿ ಅನುಸರಿಸುವ ತಂಡಗಳಲ್ಲಿ ಬೆಳಗಿನ ಸ್ಟ್ಯಾಂಡಪ್‌ಗೆ, ಅಂದರೆ ದಿನದ ಚಿಕ್ಕ ಸಭೆಗೆ, ಮೂರು ಪ್ರಶ್ನೆಗಳ ರೂಢಿ ಇದೆ. ನಿನ್ನೆ ಏನಾಯ್ತು, ಇವತ್ತು ಏನು ಮಾಡ್ತೀರಿ, ಅಡ್ಡಿ ಏನಾದರೂ ಇದೆಯಾ. 2020ರ ಸ್ಕ್ರಮ್ ಗೈಡ್ ಈ ಮೂರು ಪ್ರಶ್ನೆಗಳನ್ನು ಕೈಬಿಟ್ಟಿತು, ಆದರೂ ರೂಢಿ ಹೋಗಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಹುಡುಕಲಿಕ್ಕೇ ನಾನು ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ನಡೆಸುವ ಫೈಲ್, ಬರೆದುಕೊಂಡೆ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಅದರ ಹೆಸರು ಕೊಟ್ಟರೆ ಆ ದಿನದ ಕೆಲಸವನ್ನೆಲ್ಲ ಒಂದು ಪರದೆಯಷ್ಟು ಜಾಗದಲ್ಲಿ ತೋರಿಸುತ್ತದೆ. ಬರೆಯಲು ಹೊರಟಾಗ ಇದು ತುಂಬಾ ಸುಲಭದ ಕೆಲಸ ಅನ್ನಿಸಿತ್ತು. ಮಾಡುತ್ತಾ ಹೋದಂತೆ ‘ಒಂದು ದಿನ’ ಅಂದರೇನು, ‘ಕೆಲಸ’ ಅಂದರೇನು ಅನ್ನುವುದನ್ನೇ ಮತ್ತೆ ಯೋಚಿಸಬೇಕಾಯಿತು.

ಬೇಕಾದ ಮಾಹಿತಿ ಹೊಸದಾಗಿ ಕೂಡಿಡಬೇಕಾಗಿಲ್ಲ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್‌ಗಾಗಿ, ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಬರೆದಾಗಿನಿಂದಲೂ ಪ್ರತಿ ಕಮಿಟ್ (ದಾಖಲಿಸಿಟ್ಟ ಒಂದು ಬದಲಾವಣೆ) ತನ್ನೊಳಗೆ ಬರೆದವರ ಹೆಸರು, ಇಮೇಲ್, ಸಮಯ ಎಲ್ಲವನ್ನೂ ಇಟ್ಟುಕೊಂಡೇ ಬಂದಿದೆ. ಆ ಸಮಯ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ ಇರುತ್ತದೆ, ಜೊತೆಗೆ ಟೈಮ್‌ಝೋನ್ ವ್ಯತ್ಯಾಸವೂ ಇರುತ್ತದೆ. ಹಾಗಾಗಿ ಕಮಿಟ್‌ಗಳ ಪಟ್ಟಿ ಕೊಡುವ ‘ಗಿಟ್ ಲಾಗ್’ ಕಮಾಂಡ್‌ಗೆ ನಮ್ಮ ಇಮೇಲ್ ಕೊಟ್ಟು, ಯಾವಾಗಿನಿಂದ ಅಂತ ಹೇಳಿ, ಎರಡು ಕವಲುಗಳನ್ನು ಕೂಡಿಸುವ ಮರ್ಜ್ ಕಮಿಟ್‌ಗಳನ್ನು ಬಿಡು ಅಂದರೆ ಸಾಕು, ಅರ್ಧ ಕೆಲಸ ಮುಗಿದಂತೆಯೇ. ಇದನ್ನೇ ಮಾಡುವ ‘ಗಿಟ್-ಸ್ಟ್ಯಾಂಡಪ್’ ಅನ್ನುವ ಸಿದ್ಧ ಟೂಲ್ ಕೂಡ ಇದೆ. ಹಲವು ರೆಪೊಗಳಿರುವ (ಗಿಟ್ ಇತಿಹಾಸ ಇಟ್ಟುಕೊಂಡ ಒಂದು ಪ್ರಾಜೆಕ್ಟ್ ಅಂದರೆ ಒಂದು ರೆಪೊ) ಫೋಲ್ಡರ್‌ನಲ್ಲಿ ನಡೆಸಿದರೆ ಒಂದೊಂದನ್ನೂ ಹೊಕ್ಕು ನೋಡುತ್ತದೆ. ಸೋಮವಾರ ಕೇಳಿದರೆ ಭಾನುವಾರದ ಖಾಲಿ ಪಟ್ಟಿ ಕೊಡದೆ ಶುಕ್ರವಾರದ ಕೆಲಸ ತೋರಿಸುತ್ತದೆ. ಈ ಚಿಕ್ಕ ವಿಷಯ ನನಗೆ ತುಂಬಾ ಹಿಡಿಸಿತು. ಬಳಸುವವರ ವಾರ ಹೇಗಿರುತ್ತದೆ ಅಂತ ಯಾರೋ ಕೂತು ಯೋಚಿಸಿದ್ದಾರೆ ಅಲ್ವಾ?

ಮತ್ತೆ ನಾನೇಕೆ ಸ್ವಂತದ್ದು ಬರೆಯಲು ಹೋದೆ ಅಂದರೆ, ಪಟ್ಟಿಯಲ್ಲಿ ಏನು ಬರಬೇಕು, ಏನು ಬರಬಾರದು ಅನ್ನುವುದು ಒಬ್ಬೊಬ್ಬರ ಕೆಲಸದ ರೀತಿಗೆ ಬೇರೆ ಬೇರೆ.

ದಿನದ ವಿಷಯವನ್ನೇ ತೆಗೆದುಕೊಳ್ಳಿ. ಗಿಟ್‌ಗೆ ‘ಯೆಸ್ಟರ್‌ಡೇ’ಯಿಂದ ಈಚೆಗಿನದ್ದು ತೋರಿಸು ಅಂದರೆ ಅದು ನಿನ್ನೆಯ ಮಧ್ಯರಾತ್ರಿಯಿಂದ ಶುರು ಮಾಡುವುದಿಲ್ಲ. ಈಗಿನ ಗಳಿಗೆಯಿಂದ ಸರಿಯಾಗಿ 24 ಗಂಟೆ ಹಿಂದಕ್ಕೆ ಹೋಗುತ್ತದೆ. ಬೆಳಗ್ಗೆ 10ಕ್ಕೆ ಕೇಳಿದರೆ ನಿನ್ನೆ 10ರ ನಂತರದ್ದು ಮಾತ್ರ ಬರುತ್ತದೆ. ನಿನ್ನೆ 9ಕ್ಕೇ ಮಾಡಿದ ಕಮಿಟ್ ಸದ್ದಿಲ್ಲದೆ ಬಿಟ್ಟು ಹೋಗುತ್ತದೆ. ಬರೀ ತಾರೀಕು ಕೊಟ್ಟು ಗಂಟೆ ಹೇಳದಿದ್ದರೂ ಅಷ್ಟೇ, ಗಿಟ್ ಈಗಿನ ಗಂಟೆಯನ್ನೇ ಅದಕ್ಕೆ ಜೋಡಿಸಿಕೊಳ್ಳುತ್ತದೆ. ಹಾಗಾಗಿ ತಾರೀಕಿನ ಜೊತೆ ಗಂಟೆಯನ್ನೂ ಬರೆಯಬೇಕು, ಇಲ್ಲವೇ ‘ಮಿಡ್‌ನೈಟ್’ ಅಂತ ಬಿಡಿಸಿ ಹೇಳಬೇಕು. ಎರಡು ದಿನದ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡುವವರೆಗೂ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಆದರೆ ಮಧ್ಯರಾತ್ರಿಯೇ ಸರಿಯಾದ ಗಡಿಯಾ? ರಾತ್ರಿ ಹನ್ನೆರಡೂವರೆಗೆ ಕಮಿಟ್ ಮಾಡಿ ಮಲಗಿದವರಿಗೆ ಅದು ಆ ದಿನದ ಕೆಲಸವೇ, ಮರುದಿನದ್ದಲ್ಲ. ಎದ್ದ ಮೇಲೆ ತಾನೇ ಹೊಸ ದಿನ. ಅದಕ್ಕೆ ನನ್ನ ಸ್ಕ್ರಿಪ್ಟ್‌ನಲ್ಲಿ ದಿನ ಶುರುವಾಗುವುದು ಬೆಳಗಿನ ಜಾವ 4 ಗಂಟೆಗೆ. ಈ ಒಂದು ಬದಲಾವಣೆಯಿಂದ ಪಟ್ಟಿ ನನ್ನ ನೆನಪಿಗೆ ಎಷ್ಟೋ ಹತ್ತಿರ ಬಂತು.

ಇದಕ್ಕಿಂತ ದೊಡ್ಡ ಗೋಜಲು ಇನ್ನೊಂದಿದೆ. ಪ್ರತಿ ಕಮಿಟ್‌ಗೆ ಒಂದಲ್ಲ, ಎರಡು ಸಮಯ ಇರುತ್ತದೆ. ಮೊದಲನೆಯದು ಆಥರ್ ಡೇಟ್, ಅಂದರೆ ಆ ಬದಲಾವಣೆಯನ್ನು ಮೊದಲು ಬರೆದ ಹೊತ್ತು. ಎರಡನೆಯದು ಕಮಿಟರ್ ಡೇಟ್, ಆ ಕಮಿಟ್ ಈಗಿನ ರೂಪಕ್ಕೆ ಬಂದ ಹೊತ್ತು. ಸಾಮಾನ್ಯವಾಗಿ ಎರಡೂ ಒಂದೇ. ರಿಬೇಸ್ ಮಾಡಿದ ಕೂಡಲೇ, ಅಂದರೆ ಕಮಿಟ್‌ಗಳನ್ನು ಎತ್ತಿ ಬೇರೆ ಕಮಿಟ್‌ನ ಮೇಲೆ ಮತ್ತೆ ಕೂರಿಸಿದ ಕೂಡಲೇ, ಎರಡೂ ಬೇರೆಯಾಗುತ್ತವೆ. ಆಥರ್ ಡೇಟ್ ಹಳೆಯದೇ ಉಳಿಯುತ್ತದೆ, ಕಮಿಟರ್ ಡೇಟ್ ಇವತ್ತಿನದಾಗುತ್ತದೆ. ಗಿಟ್ ಲಾಗ್‌ನ ‘ಸಿನ್ಸ್’ (ಯಾವಾಗಿನಿಂದ) ಆಯ್ಕೆ ನೋಡುವುದು ಕಮಿಟರ್ ಡೇಟನ್ನು. ಗಮ್ಮತ್ತು ಏನೆಂದರೆ, ಸುಮ್ನೆ ಗಿಟ್ ಲಾಗ್ ಅಂದಾಗ ಪರದೆ ಮೇಲೆ ಕಾಣುವ ತಾರೀಕು ಆಥರ್ ಡೇಟ್. ಸೋಸುವುದು ಒಂದರಿಂದ, ತೋರಿಸುವುದು ಇನ್ನೊಂದನ್ನು.

ಇದರ ಪರಿಣಾಮ ನೋಡಿ. ಎರಡು ವಾರದಿಂದ ಬೆಳೆಸಿದ ಒಂದು ಬ್ರಾಂಚನ್ನು (ಕೋಡ್‌ನ ಕವಲನ್ನು) ಇವತ್ತು ಮುಖ್ಯ ಬ್ರಾಂಚಾದ ‘ಮೇನ್’ ಮೇಲೆ ರಿಬೇಸ್ ಮಾಡಿದಿರಿ ಅನ್ನಿ. ಸಂಜೆ ಟೂಲ್ ಕೇಳಿದರೆ ಆ ಎರಡು ವಾರದ ಅಷ್ಟೂ ಕಮಿಟ್‌ಗಳು ಇವತ್ತಿನ ಕೆಲಸ ಅಂತ ಸಾಲಾಗಿ ನಿಲ್ಲುತ್ತವೆ. ಹಾಗಂತ ಆಥರ್ ಡೇಟ್ ಒಂದನ್ನೇ ನಂಬಿದರೆ ಎದುರು ದಿಕ್ಕಿನ ತೊಂದರೆ. ನಿನ್ನೆಯ ಕಮಿಟನ್ನು ಇವತ್ತು ಮೂರು ಗಂಟೆ ಕೂತು ತಿದ್ದಿ ಅಮೆಂಡ್ ಮಾಡಿದರೆ, ಅಂದರೆ ತಿದ್ದಿದ್ದನ್ನು ಅದೇ ಕಮಿಟ್‌ಗೆ ಸೇರಿಸಿದರೆ, ಆಥರ್ ಡೇಟ್ ನಿನ್ನೆಯದೇ ಉಳಿಯುತ್ತದೆ. ಇವತ್ತಿನ ಮೂರು ಗಂಟೆ ಪಟ್ಟಿಯಿಂದಲೇ ಮಾಯ.

ನಾನು ಕಂಡುಕೊಂಡ ದಾರಿ ಎರಡನ್ನೂ ಓದುವುದು. ಎರಡೂ ಸಮಯ ಇವತ್ತಿನದಾಗಿದ್ದರೆ ಅದು ಹೊಸ ಕೆಲಸ. ಕಮಿಟರ್ ಡೇಟ್ ಮಾತ್ರ ಇವತ್ತಿನದಾಗಿದ್ದರೆ ಆ ಕಮಿಟ್‌ನಲ್ಲಿ ನಿಜವಾಗಿ ಏನಾದರೂ ಬದಲಾಗಿದೆಯಾ ಅಂತ ನೋಡಬೇಕು. ಅದಕ್ಕೆ ‘ಗಿಟ್ ಪ್ಯಾಚ್-ಐಡಿ’ ಅನ್ನುವ ಕಮಾಂಡ್ ಇದೆ, ಹೆಚ್ಚು ಜನ ಅದರ ಹತ್ತಿರ ಹೋಗುವುದಿಲ್ಲ. ಅದು ಒಂದು ಬದಲಾವಣೆಯ ಸಾರವನ್ನು ಹ್ಯಾಶ್ ಮಾಡಿ, ಅಂದರೆ ಒಂದು ಗುರುತಿನ ಸಂಖ್ಯೆಯಾಗಿಸಿ ಕೊಡುತ್ತದೆ, ಸಾಲಿನ ಸಂಖ್ಯೆ ಮತ್ತು ಖಾಲಿ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಳೆಯ ಕಮಿಟ್‌ನ ಪ್ಯಾಚ್-ಐಡಿ ಹೊಸದಕ್ಕೆ ಹೊಂದಿದರೆ ಕಮಿಟ್ ಸುಮ್ನೆ ಜಾಗ ಬದಲಿಸಿದೆ ಅಷ್ಟೇ. ಹೊಂದದಿದ್ದರೆ ಬಹುಮಟ್ಟಿಗೆ ಇವತ್ತು ಅದರ ಮೇಲೆ ಕೈ ಆಡಿದೆ. ಇಷ್ಟು ಸೇರಿಸಿದ ಮೇಲೆ ರಿಬೇಸ್ ದಿನಗಳ ಪಟ್ಟಿ ನಂಬುವಂತಾಯಿತು.

ಎಲ್ಲ ಬ್ರಾಂಚ್‌ಗಳೂ ಬರಲಿ ಅಂತ ‘ಆಲ್’ ಆಯ್ಕೆ ಕೊಟ್ಟಾಗ ಇನ್ನೊಂದು ಸಂಗತಿ ಎದುರಾಗುತ್ತದೆ. ಅರ್ಧದ ಕೆಲಸವನ್ನು ಸದ್ಯಕ್ಕೆ ಬದಿಗಿಡುವ ಸ್ಟ್ಯಾಶ್‌ನಲ್ಲಿ ಎತ್ತಿಟ್ಟಿದ್ದು ಕೂಡ ಗಿಟ್‌ಗೆ ಕಮಿಟ್ಟೇ. ಹಾಗಾಗಿ ನಾವು ಬರೆಯದ ವಿಚಿತ್ರ ಸಂದೇಶದ ಕಮಿಟ್‌ಗಳು ಪಟ್ಟಿಯಲ್ಲಿ ಬಂದು ಕೂರುತ್ತವೆ. ‘ಆಲ್’ ಬದಲು ‘ಬ್ರಾಂಚಸ್’ ಅಂದರೆ ಅವು ಬರುವುದಿಲ್ಲ. ನಾನು ಅವನ್ನು ತೆಗೆದೆ, ಆದರೆ ಪೂರ್ತಿ ಎಸೆಯಲಿಲ್ಲ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಇಷ್ಟಾದರೂ ಕಮಿಟ್‌ಗಳ ಪಟ್ಟಿ ದಿನದ ಒಂದು ಭಾಗ ಮಾತ್ರ. ಒಂದು ದಿನದ ಪಟ್ಟಿ ಹೀಗಿತ್ತು. ಬೆಳಗ್ಗೆ 10:40ಕ್ಕೆ ಒಂದು ಕಮಿಟ್, ಲಾಗಿನ್ ಪುಟದ ಎರರ್ ಸಂದೇಶ ತಿದ್ದಿದ್ದು. 11:20ಕ್ಕೆ ಇನ್ನೊಂದು, ಟೆಸ್ಟ್ ಸೇರಿಸಿದ್ದು. ಆಮೇಲೆ 4:50ರವರೆಗೆ ಏನೂ ಇಲ್ಲ. 4:50ಕ್ಕೆ ಬಂದ ಕಮಿಟ್‌ನಲ್ಲಿ ಒಂದು ಸಾಲು ಹೋಗಿ ಒಂದು ಸಾಲು ಬಂದಿದೆ. ಆ ಸಾಲಿನಲ್ಲೂ ಬದಲಾಗಿದ್ದು ಒಂದೇ ಒಂದು ಅಕ್ಷರ. ‘ಕಡಿಮೆ’ ಚಿಹ್ನೆಯ ಪಕ್ಕ ‘ಸಮ’ ಚಿಹ್ನೆ ಸೇರಿದೆ.

ಈ ಪಟ್ಟಿಯನ್ನು ಹೊರಗಿನವರು ನೋಡಿದರೆ ಮಧ್ಯಾಹ್ನವೆಲ್ಲ ಕೆಲಸವೇ ನಡೆದಿಲ್ಲ ಅಂದುಕೊಳ್ಳುತ್ತಾರೆ. ನಡೆದದ್ದು ಬೇರೆ. ತಿಂಗಳ ವರದಿಯಲ್ಲಿ ಕೊನೆಯ ದಿನದ ನಮೂದುಗಳು ಬರುತ್ತಿರಲಿಲ್ಲ. ಹಿಂದೆ ಬರುತ್ತಿದ್ದವು, ಯಾವಾಗ ನಿಂತವು ಯಾರಿಗೂ ಗೊತ್ತಿಲ್ಲ. ಅದಕ್ಕೆ ಗಿಟ್ ಬೈಸೆಕ್ಟ್ ಹಿಡಿಯಬೇಕಾಯಿತು. ಸರಿಯಿದ್ದ ಒಂದು ಕಮಿಟ್, ಕೆಟ್ಟಿರುವ ಒಂದು ಕಮಿಟ್ ಕೊಟ್ಟರೆ ಬೈಸೆಕ್ಟ್ ಪ್ರತಿ ಸಲ ನಡುವಿನದ್ದನ್ನು ತೆಗೆದು ಮುಂದಿಡುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಸುಮಾರು 10 ಹೆಜ್ಜೆಯಲ್ಲಿ ತಪ್ಪು ಸಿಗುತ್ತದೆ. ಹೆಜ್ಜೆ ಕಡಿಮೆ ನಿಜ. ಆದರೆ ಪ್ರತಿ ಹೆಜ್ಜೆಗೂ ಬಿಲ್ಡ್ ಮಾಡಬೇಕು, ಟೆಸ್ಟ್ ಡೇಟಾ ತುಂಬಬೇಕು, ವರದಿ ತೆಗೆದು ಕಣ್ಣಾರೆ ನೋಡಬೇಕು. ಹಳೆಯ ಕಮಿಟ್‌ಗಳಲ್ಲಿ ಡೇಟಾಬೇಸಿನ ರೂಪವೇ ಬೇರೆ ಇತ್ತು, ಅದನ್ನೂ ಹಿಂದಕ್ಕೆ ಒಯ್ಯಬೇಕಿತ್ತು. ಕೊನೆಗೆ ಸಿಕ್ಕಿದ್ದು ಆ ಒಂದು ಅಕ್ಷರ. ಆ ದಿನದ ಅತಿ ಮುಖ್ಯ ಕೆಲಸ ಅದೇ, ಪಟ್ಟಿಯಲ್ಲಿ ಅತಿ ಚಿಕ್ಕದಾಗಿ ಕಂಡದ್ದೂ ಅದೇ.

ಆದರೆ ಆ ಹೊತ್ತಿನ ಗುರುತು ಗಿಟ್‌ನಲ್ಲಿ ಇಲ್ಲದೇ ಇಲ್ಲ. ರೆಫ್‌ಲಾಗ್‌ನಲ್ಲಿ ಇದೆ. ನಾವು ಈಗ ಯಾವ ಕಮಿಟ್‌ನಲ್ಲಿದ್ದೇವೆ ಅಂತ ತೋರಿಸುವ ‘ಹೆಡ್’ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ಪ್ರತಿ ಚಲನೆಯನ್ನೂ ಅದು ಸಮಯದ ಸಮೇತ ಬರೆದಿಡುತ್ತದೆ. ಬೈಸೆಕ್ಟ್‌ನ ಒಂದೊಂದು ಹೆಜ್ಜೆಯೂ ಒಂದು ಚೆಕ್‌ಔಟ್ (ಬೇರೆ ಕಮಿಟ್‌ಗೆ ಹೋಗುವುದು), ಹಾಗಾಗಿ ಅದೆಲ್ಲ ಅಲ್ಲಿ ಸಾಲಾಗಿ ಸಿಗುತ್ತದೆ. ಅಮೆಂಡ್ ಮಾಡುವ ಮೊದಲಿನ ಕಮಿಟ್, ಮಾಡಿ ರದ್ದು ಮಾಡಿದ ಪ್ರಯೋಗ, ಅಳಿಸಿ ಹಾಕಿದ ಬ್ರಾಂಚ್‌ಗೆ ಹೋಗಿ ಬಂದ ಹೆಜ್ಜೆ, ಇವೂ ಸಿಗುತ್ತವೆ. ಡಿಫಾಲ್ಟ್ ಆಗಿ ರೆಫ್‌ಲಾಗ್ ನಮೂದುಗಳು 90 ದಿನ ಉಳಿಯುತ್ತವೆ. ಯಾವ ಬ್ರಾಂಚ್‌ನಿಂದಲೂ ತಲುಪಲಾಗದ ಕಮಿಟ್‌ಗಳವು 30 ದಿನ. ಕಮಿಟ್‌ಗಳನ್ನು ಸರ್ವರ್‌ಗೆ ಪುಶ್ ಮಾಡಿದಾಗ (ಕಳಿಸಿದಾಗ) ಇದು ಹೊರಗೆ ಹೋಗುವುದಿಲ್ಲ, ನಮ್ಮ ಯಂತ್ರದಲ್ಲೇ ಇರುತ್ತದೆ. ಹೊರಗೆ ಕಾಣುವ ಇತಿಹಾಸವನ್ನು ನಾವು ಓರಣ ಮಾಡಿ ಬರೆಯುತ್ತೇವೆ, ರೆಫ್‌ಲಾಗ್‌ನಲ್ಲಿ ಇರುವುದು ನಡೆದದ್ದು ನಡೆದ ಹಾಗೆ. ದಿನದ ಸಾರಾಂಶ ಮಾಡುವ ಟೂಲ್ ಕಮಿಟ್‌ಗಳನ್ನು ಮಾತ್ರ ಓದಿದರೆ ಸಾಲದು, ರೆಫ್‌ಲಾಗನ್ನೂ ಓದಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ನನ್ನ ಪಟ್ಟಿಯಲ್ಲಿ ಈಗ 11:20 ಮತ್ತು 4:50ರ ನಡುವೆ ‘ಬೈಸೆಕ್ಟ್, ವರದಿ ರೆಪೊ’ ಅಂತ ಒಂದು ಸಾಲು ಬರುತ್ತದೆ. ಅಷ್ಟು ಸಾಕು, ಉಳಿದದ್ದೆಲ್ಲ ತಾನಾಗಿ ನೆನಪಾಗುತ್ತದೆ.

ಶೆಲ್ ಹಿಸ್ಟರಿ, ಅಂದರೆ ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಕಮಾಂಡ್‌ಗಳ ದಾಖಲೆಯೂ ಒಳ್ಳೆಯ ಮೂಲ. ಝೆಡ್‌ಶೆಲ್‌ನಲ್ಲಿ ಎಕ್ಸ್‌ಟೆಂಡೆಡ್ ಹಿಸ್ಟರಿ ಆನ್ ಮಾಡಿದರೆ ಪ್ರತಿ ಕಮಾಂಡ್ ಶುರುವಾದ ಹೊತ್ತು, ಅದು ಓಡಿದ ಸೆಕೆಂಡು ಎರಡೂ ದಾಖಲಾಗುತ್ತವೆ. ಬಿಲ್ಡ್‌ಗಾಗಿ ಎಷ್ಟು ಕಾದೆವು ಅಂತ ಇದರಿಂದ ತಿಳಿಯುತ್ತದೆ. ಬ್ಯಾಶ್ ಅನ್ನುವ ಇನ್ನೊಂದು ಶೆಲ್‌ನಲ್ಲಿ ಹಿಸ್ಟರಿಗೆ ಟೈಮ್ ಫಾರ್ಮ್ಯಾಟ್ ಕೊಡದಿದ್ದರೆ ಸಮಯವೇ ಉಳಿಯುವುದಿಲ್ಲ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ಹಿಸ್ಟರಿ ಫೈಲ್‌ನಲ್ಲಿ ಟೋಕನ್‌ಗಳು, ಪಾಸ್‌ವರ್ಡ್‌ಗಳು ಸಿಕ್ಕಿಕೊಂಡಿರುತ್ತವೆ. ಅದನ್ನು ಇದ್ದ ಹಾಗೇ ಸಾರಾಂಶಕ್ಕೆ ಎಳೆದು ತಂದರೆ ಗುಟ್ಟು ಇನ್ನೊಂದು ಫೈಲಿಗೂ ಹರಡಿದಂತೆ. ನಾನು ಕಮಾಂಡ್‌ನ ಮೊದಲ ಪದ ಮತ್ತು ಫೋಲ್ಡರ್ ಹೆಸರು ಮಾತ್ರ ತೆಗೆದುಕೊಳ್ಳುತ್ತೇನೆ, ಉಳಿದದ್ದನ್ನು ಮುಟ್ಟುವುದಿಲ್ಲ.

ಇನ್ನು ಅಂಕಿಗಳ ಮಾತು. ಗಿಟ್‌ಗೆ ‘ನಮ್‌ಸ್ಟ್ಯಾಟ್’ ಅಂದರೆ ಪ್ರತಿ ಫೈಲಿಗೂ ಎಷ್ಟು ಸಾಲು ಸೇರಿತು, ಎಷ್ಟು ಹೋಯಿತು ಅಂತ ಹೇಳುತ್ತದೆ. ಕೂಡಿ ಹಾಕುವುದು ಸುಲಭ. ಹಾಗಾಗಿ ಇಂಥ ಟೂಲ್ ಬರೆಯುವ ಹಲವರು ಕೊನೆಯಲ್ಲಿ ಒಂದು ಮೊತ್ತ ಇಡುತ್ತಾರೆ. ಆ ಮೊತ್ತ ಯಾವುದರ ಮೊತ್ತ? ಒಂದು ಲೈಬ್ರರಿ ಆವೃತ್ತಿ ಬದಲಿಸಿದರೆ, ಲೈಬ್ರರಿಗಳ ಆವೃತ್ತಿ ಬರೆದಿಡುವ ಲಾಕ್ ಫೈಲ್‌ನಲ್ಲಿ ಸಾವಿರಗಟ್ಟಲೆ ಸಾಲು ಬದಲಾಗುತ್ತದೆ. ಕೋಡ್‌ನ ಸಾಲುಗಳನ್ನು ಓರಣ ಮಾಡುವ ಫಾರ್ಮ್ಯಾಟರ್ ಒಂದು ಸಲ ಓಡಿದರೆ ಇಡೀ ಪ್ರಾಜೆಕ್ಟ್ ಹೊಸದಾಗಿ ಬರೆದಂತೆ ಕಾಣುತ್ತದೆ. ಅರ್ಧ ದಿನ ಹಿಡಿದ ಬೈಸೆಕ್ಟ್‌ನ ಫಲ ಮಾತ್ರ ಒಂದು ಸಾಲು.

ಆಪಲ್ ಕಂಪನಿಯ ಲೀಸಾ ಕಂಪ್ಯೂಟರ್ ತಯಾರಾಗುತ್ತಿದ್ದ ಕಾಲದ ಒಂದು ಘಟನೆ ಪ್ರೋಗ್ರಾಮರ್‌ಗಳ ನಡುವೆ ಚೆನ್ನಾಗಿ ಗೊತ್ತಿರುವಂಥದ್ದು. 1982ರಲ್ಲಿ ಅಲ್ಲಿನ ಮ್ಯಾನೇಜರ್‌ಗಳು ಪ್ರತಿ ವಾರ ಎಷ್ಟು ಸಾಲು ಕೋಡ್ ಬರೆದಿರಿ ಅಂತ ಒಂದು ಫಾರ್ಮ್ ತುಂಬಿಸಿಕೊಳ್ಳತೊಡಗಿದರು. ಅಲ್ಲಿನ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಆಗಷ್ಟೇ, ಪರದೆ ಮೇಲೆ ಚಿತ್ರ ಬಿಡಿಸುವ ಕ್ವಿಕ್‌ಡ್ರಾದ ಒಂದು ಭಾಗವನ್ನು ಪೂರ್ತಿ ಬದಲಿಸಿ ಬರೆದಿದ್ದರು. ಹೊಸ ಕೋಡ್ ಹಳೆಯದಕ್ಕಿಂತ ಸುಮಾರು ಆರು ಪಟ್ಟು ವೇಗವಾಗಿತ್ತು, ಎರಡು ಸಾವಿರ ಸಾಲು ಕಡಿಮೆಯೂ ಆಗಿತ್ತು. ಅವರು ಫಾರ್ಮ್‌ನಲ್ಲಿ ‘-2000’ ಅಂತ ಬರೆದರು. ಕೆಲವು ವಾರಗಳ ನಂತರ ಅವರನ್ನು ಫಾರ್ಮ್ ಕೇಳುವುದನ್ನೇ ಬಿಟ್ಟರು. ನಲವತ್ತು ವರ್ಷ ದಾಟಿದೆ. ಆ ಫಾರ್ಮ್ ಈಗ ಡ್ಯಾಶ್‌ಬೋರ್ಡ್ ಆಗಿ ಮತ್ತೆ ಮತ್ತೆ ಹುಟ್ಟಿ ಬರುತ್ತಲೇ ಇದೆ.

ನಾನು ಹಿಂದೆ ಇದ್ದ ಒಂದು ತಂಡದಲ್ಲೂ ಕಮಿಟ್ ಸಂಖ್ಯೆಯನ್ನು ಚಾರ್ಟ್ ಮಾಡಿ ತೋರಿಸುತ್ತಿದ್ದರು. ಯಾರನ್ನೂ ಬೈಯುತ್ತಿರಲಿಲ್ಲ, ಸುಮ್ನೆ ತೋರಿಸುತ್ತಿದ್ದರು ಅಷ್ಟೇ. ಆದರೂ ಒಂದು ಕಮಿಟ್ ಆಗಬೇಕಾದದ್ದು ನಾಲ್ಕಾಗತೊಡಗಿತು. ಬೇರೆಯವರ ಕೋಡ್ ರಿವ್ಯೂ ಮಾಡಲು ಯಾರಿಗೂ ಹೊತ್ತು ಸಿಗದಂತಾಯಿತು, ಯಾಕೆಂದರೆ ರಿವ್ಯೂಗೆ ಚಾರ್ಟ್‌ನಲ್ಲಿ ಜಾಗ ಇರಲಿಲ್ಲ. ಅಷ್ಟು ಒಳ್ಳೆಯ ಜನರ ಕೆಲಸದ ರೀತಿಯನ್ನೇ ಒಂದು ಗ್ರಾಫ್ ಬದಲಿಸಿದ್ದು ಕಂಡು ಬೇಜಾರಾಗಿತ್ತು.

ಅದಕ್ಕೇ ನನ್ನ ಟೂಲ್‌ನಲ್ಲಿ ಮೊತ್ತ ಇಲ್ಲ. ಸಾಲಿನ ಎಣಿಕೆ, ಕಮಿಟ್ ಎಣಿಕೆ, ನಿನ್ನೆಗಿಂತ ಇವತ್ತು ಎಷ್ಟು ಜಾಸ್ತಿ, ಯಾವುದೂ ಇಲ್ಲ. ಅದು ಕೆಲಸವನ್ನು ಅಳೆಯಬಾರದು, ನೆನಪಿಸಬೇಕು. ಅಳತೆ ಬೇರೆಯವರಿಗಾಗಿ ಇರುವಂಥದ್ದು, ನೆನಪು ನಮಗಾಗಿ. ಎರಡನ್ನೂ ಒಂದೇ ಟೂಲ್‌ನಲ್ಲಿ ಇಟ್ಟರೆ ನೆನಪು ಸೋಲುತ್ತದೆ, ಯಾಕೆಂದರೆ ಅಂಕಿ ಕಣ್ಣಿಗೆ ಬೇಗ ಬೀಳುತ್ತದೆ.

ಎಡಿಟರ್‌ನೊಳಗೇ ಕೂತು ಹೊತ್ತು ಲೆಕ್ಕ ಹಾಕುವ ವಕಾಟೈಮ್‌ನಂಥ ಸೇವೆಗಳೂ ಇವೆ. ನಾವು ಟೈಪ್ ಮಾಡುತ್ತಿರುವಾಗ ಪ್ಲಗಿನ್ ಆಗಾಗ ‘ಹಾರ್ಟ್‌ಬೀಟ್’ ಕಳಿಸುತ್ತದೆ, ಅವನ್ನು ಜೋಡಿಸಿ ಯಾವ ಪ್ರಾಜೆಕ್ಟ್‌ಗೆ ಎಷ್ಟು ಹೊತ್ತು ಅಂತ ತೋರಿಸುತ್ತಾರೆ. ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವವರಿಗೆ ಇದು ಉಪಯೋಗ. ಮಾಹಿತಿ ಹೊರಗೆ ಹೋಗುವುದು ಬೇಡ ಅನ್ನುವವರಿಗೆ ಆ್ಯಕ್ಟಿವಿಟಿವಾಚ್ ಅನ್ನುವ ಓಪನ್ ಸೋರ್ಸ್ ಟೂಲ್ ಇದೆ, ಅದು ಎಲ್ಲವನ್ನೂ ನಮ್ಮ ಯಂತ್ರದಲ್ಲೇ ಇಡುತ್ತದೆ. ನನಗೆ ಎರಡೂ ಬೇಕಾಗಲಿಲ್ಲ. ಎಡಿಟರ್ ಮುಂದೆ ಕೂತ ಹೊತ್ತು ಯೋಚಿಸಿದ ಹೊತ್ತಲ್ಲ.

ಈಗ ಎಐ ಭಾಷಾ ಮಾದರಿಗಳ ಕಾಲ. ದಿನದ ಡಿಫ್ (ಯಾವ ಸಾಲು ಹೋಯಿತು, ಯಾವುದು ಬಂತು ಅನ್ನುವ ಪಟ್ಟಿ) ಎಲ್ಲವನ್ನೂ ಒಂದು ಮಾದರಿಗೆ ಕೊಟ್ಟರೆ ಚೆಂದದ ಪ್ಯಾರಾ ಬರೆದು ಕೊಡುತ್ತದೆ. ಕೆಲವು ಕಾಲ ನಾನೂ ಹಾಗೆ ಮಾಡಿ ನೋಡಿದೆ, ಕೋಡ್ ಹೊರಗೆ ಹೋಗಬಾರದು ಅಂತ ನನ್ನ ಯಂತ್ರದಲ್ಲೇ ಓಡುವ ಮಾದರಿಯಿಂದ. ಬರಹ ಸರಾಗವಾಗಿತ್ತು. ಅದೇ ತೊಂದರೆಯೂ ಆಯಿತು. ಫಂಕ್ಷನ್ ಹೆಸರು ಬದಲಿಸಿದ್ದನ್ನು ‘ಕೋಡ್‌ನ ಗುಣಮಟ್ಟ ಹೆಚ್ಚಿಸಲಾಯಿತು’ ಅಂತ ಬರೆಯುತ್ತದೆ. ಬೈಸೆಕ್ಟ್ ದಿನದ ಆ ಒಂದು ಅಕ್ಷರವನ್ನು ‘ಸಣ್ಣ ತಿದ್ದುಪಡಿ’ ಅನ್ನುತ್ತದೆ. ಡಿಫ್‌ನಲ್ಲಿ ಇರುವುದನ್ನಷ್ಟೇ ನೋಡಿ ಬೇರೇನು ತಾನೇ ಹೇಳಲು ಸಾಧ್ಯ? ಯಾವುದು ಕಷ್ಟವಾಯಿತು, ಯಾವುದು ಮುಖ್ಯ ಅನ್ನುವುದು ಡಿಫ್‌ನಲ್ಲಿ ಇರುವುದಿಲ್ಲ. ಒಂದೇ ವಿಷಯಕ್ಕೆ ಸೇರಿದ ಕಮಿಟ್‌ಗಳನ್ನು ಗುಂಪು ಮಾಡಲು ಮಾತ್ರ ಈಗ ಅದನ್ನು ಬಳಸುತ್ತೇನೆ. ಪ್ರತಿ ಸಾಲಿನ ಪಕ್ಕ ಕಮಿಟ್ ಹ್ಯಾಶ್ ಇರಲೇಬೇಕು ಅನ್ನುವ ನಿಯಮ ಇಟ್ಟಿದ್ದೇನೆ. ಅನುಮಾನ ಬಂದರೆ ಹೋಗಿ ನೋಡಬಹುದು.

ಯಾವ ಗುರುತೂ ಬಿಡದ ಕೆಲಸವೂ ಬಹಳ ಇದೆ. ಹೊಸದಾಗಿ ಸೇರಿದವರ ಪಕ್ಕ ಕೂತು ಅವರ ಬಗ್ ಬಿಡಿಸಿದ್ದು. ಡಾಕ್ಯುಮೆಂಟ್ ಓದಿ ಈ ಲೈಬ್ರರಿ ನಮಗೆ ಬೇಡ ಅಂತ ತೀರ್ಮಾನಿಸಿದ್ದು. ಒಂದು ಫೀಚರ್ ಬರೆಯುವುದೇ ಬೇಡ ಅಂತ ಎಲ್ಲರನ್ನೂ ಒಪ್ಪಿಸಿದ್ದು. ಇವನ್ನು ಯಾವ ಲಾಗ್‌ನಿಂದಲೂ ತೆಗೆಯಲು ಆಗುವುದಿಲ್ಲ. ಅದಕ್ಕೆ ಟೂಲ್ ಪಟ್ಟಿ ತೋರಿಸಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತದೆ: ‘ಇದರಲ್ಲಿ ಬಾರದ್ದು ಏನಾದರೂ ಇದೆಯಾ?’ ಒಂದು ಸಾಲು ಬರೆಯಬಹುದು, ಎಂಟರ್ ಒತ್ತಿ ಬಿಡಲೂಬಹುದು. ಪಟ್ಟಿ ಕಣ್ಣ ಮುಂದೆ ಇರುವಾಗ ಈ ಪ್ರಶ್ನೆಗೆ ಉತ್ತರ ಎಷ್ಟು ಸಲೀಸಾಗಿ ಬರುತ್ತದೆ ಅನ್ನುವುದೇ ನನಗೆ ಈ ಇಡೀ ಕೆಲಸದಲ್ಲಿ ಸಿಕ್ಕ ದೊಡ್ಡ ಖುಷಿ. ಎರಡು ಕಮಿಟ್‌ಗಳ ನಡುವಿನ ಖಾಲಿ ಜಾಗ ನೋಡಿದ ಕೂಡಲೇ ಆ ಹೊತ್ತಿನ ಮಾತುಕತೆ ನೆನಪಾಗುತ್ತದೆ. ಬರೀ ‘ಇವತ್ತು ಏನು ಮಾಡಿದೆ’ ಅಂತ ಖಾಲಿ ಪುಟದ ಮುಂದೆ ಕೂತರೆ ಹೀಗಾಗುವುದಿಲ್ಲ.

ಪಟ್ಟಿ, ಉತ್ತರ ಎರಡೂ ಒಂದು ಸಾದಾ ಟೆಕ್ಸ್ಟ್ ಫೈಲ್ ಸೇರುತ್ತವೆ. ದಿನಕ್ಕೊಂದು ಫೈಲ್, ತಾರೀಕೇ ಹೆಸರು. ಬೇಕಾದಾಗ ಗ್ರೆಪ್ ಕಮಾಂಡ್‌ನಿಂದ ಪದ ಹುಡುಕಿದರೆ ಆಯಿತು. ‘ಈ ಕ್ಯಾಶ್ (cache) ಯಾಕೆ ತೆಗೆದೆವು?’ ಅಂತ ತಿಂಗಳುಗಳ ನಂತರ ಯಾರಾದರೂ ಕೇಳಿದಾಗ ಕಮಿಟ್ ಸಂದೇಶಕ್ಕಿಂತ ಆ ದಿನ ಬರೆದ ಒಂದು ಸಾಲು ಹೆಚ್ಚು ಸಹಾಯ ಮಾಡಿದ್ದಿದೆ. ಈ ಫೈಲ್‌ಗಳು ನನ್ನ ಯಂತ್ರ ಬಿಟ್ಟು ಹೋಗುವುದಿಲ್ಲ. ಸ್ಟ್ಯಾಂಡಪ್‌ನಲ್ಲಿ ಏನು ಹೇಳಬೇಕು ಅನ್ನುವುದನ್ನು ಅದರಿಂದ ನಾನೇ ಆರಿಸಿಕೊಳ್ಳುತ್ತೇನೆ. ಟೂಲ್ ನೇರವಾಗಿ ತಂಡದ ಚಾಟ್‌ಗೆ ಕಳಿಸುವ ಸೌಲಭ್ಯ ಸೇರಿಸಿ ಅಂತ ಗೆಳೆಯರು ಕೇಳಿದ್ದಾರೆ. ಅದನ್ನು ಮಾತ್ರ ನಾನು ಸೇರಿಸುವುದಿಲ್ಲ. ಬೇರೆಯವರು ಓದುತ್ತಾರೆ ಅಂತ ಗೊತ್ತಾದ ದಿನವೇ ನಾವು ಬರೆಯುವ ಸಾಲು ಬದಲಾಗುತ್ತದೆ.

ದಿನಾ ಓದುವುದರಿಂದ ಕಮಿಟ್ ಸಂದೇಶಗಳೂ ತಾವಾಗಿ ಸುಧಾರಿಸಿದವು. ‘ಫಿಕ್ಸ್’ ಅಂತಷ್ಟೇ ಬರೆದದ್ದು ಸಂಜೆ ಪಟ್ಟಿಯಲ್ಲಿ ಬಂದಾಗ ನಮಗೇ ಅರ್ಥವಾಗುವುದಿಲ್ಲ. ಮರುದಿನದಿಂದ ‘ವರದಿ: ಕೊನೆಯ ದಿನವನ್ನೂ ಸೇರಿಸು’ ಅಂತ ಬರೆಯುವುದು ರೂಢಿಯಾಗುತ್ತದೆ.

ಸ್ಟ್ಯಾಶ್‌ಗಳನ್ನು ಎಸೆಯಲಿಲ್ಲ ಅಂದಿದ್ದೆನಲ್ಲ. ಅವು ಮಾಡಿದ ಕೆಲಸದ ಪಟ್ಟಿಯಲ್ಲಿ ಇರಬೇಕಾದವಲ್ಲ, ಅರ್ಧಕ್ಕೆ ಬಿಟ್ಟವುಗಳಲ್ಲಿ ಇರಬೇಕಾದವು. ಹಾಗಾಗಿ ಪಟ್ಟಿಯ ಕೆಳಗೆ ಇನ್ನೊಂದು ಚಿಕ್ಕ ಭಾಗ ಮಾಡಿದ್ದೇನೆ. ಯಾವ ರೆಪೊದಲ್ಲಿ ಕಮಿಟ್ ಆಗದ ಬದಲಾವಣೆ ಉಳಿದಿದೆ, ಯಾವ ಬ್ರಾಂಚ್ ಇನ್ನೂ ಪುಶ್ ಆಗಿಲ್ಲ, ಸ್ಟ್ಯಾಶ್‌ನಲ್ಲಿ ಏನಿದೆ, ಇಷ್ಟು. ನಿಜ ಹೇಳಬೇಕೆಂದರೆ ಈಗ ನಾನು ಮೊದಲು ಓದುವುದು ಈ ಭಾಗವನ್ನೇ. ಬೆಳಗ್ಗೆ ಬಂದು ಕೂತಾಗ ಎಲ್ಲಿಂದ ಶುರು ಮಾಡಲಿ ಅಂತ ತಡಕಾಡಬೇಕಾಗಿಲ್ಲ. ನೀವೂ ಇಂಥದ್ದೊಂದು ಬರೆದುಕೊಳ್ಳುವುದಾದರೆ ಇಲ್ಲಿಂದಲೇ ಶುರು ಮಾಡಿ. ‘ಗಿಟ್ ಸ್ಟೇಟಸ್’ನ ಚಿಕ್ಕ ರೂಪ ಮತ್ತು ‘ಗಿಟ್ ಸ್ಟ್ಯಾಶ್ ಲಿಸ್ಟ್’, ಈ ಎರಡನ್ನು ನಿಮ್ಮ ರೆಪೊಗಳ ಮೇಲೆ ಒಂದು ಲೂಪ್‌ನಲ್ಲಿ ಓಡಿಸಿದರೆ ಸಾಕು. ತಾರೀಕುಗಳ ಗೋಜಲನ್ನು ಆಮೇಲೆ ನೋಡಿಕೊಳ್ಳಬಹುದು.